ಮೇಲಿನ ಪೆಟ್ಟಿಗೆ

ಹಾರ್ಟ್ಲ್‌ಪೂಲಿನ ಅಚ್ಚುಕೂಟದಲ್ಲಿ ಪೆಟ್ಟಿಗೆ ಎರಡು,
ಇಳಿಜಾರು ಹಲಗೆಯ ಮೇಲೆ, ಒಂದರ ನೆತ್ತಿಗೆ ಇನ್ನೊಂದು.
ಕೆಳಗಿನದರಲ್ಲಿ ಸಣ್ಣಕ್ಷರ, ಕೈಗೆಟಕುವ ಮಂದಿ,
ದಿನವಿಡೀ ದುಡಿದು ಮೂಲೆ ಸವೆದ ಸೀಸ.
ಮೇಲಿನದರಲ್ಲಿ ದೊಡ್ಡವರು. ಅವರನ್ನು ಇಳಿಸಿ ತರಲು
ಆಂಬ್ರೋಸ್ ಪ್ಯಾಲಿಸ್ಟರ್ ತೋಳು ಚಾಚಬೇಕು;
ಬಲಭುಜದ ಕೀಲು ಪ್ರತಿ ಸಲವೂ ಲಟಕ್ಕೆನ್ನುತ್ತದೆ.
ಅದಕ್ಕೇ ಇರಬೇಕು,
ಸುಮ್ಮಸುಮ್ಮನೆ ಯಾರನ್ನೂ ಅವನು ದೊಡ್ಡದು ಮಾಡುವುದಿಲ್ಲ.

ಹೊಸ ಹುಡುಗ ಲಯನೆಲ್‌ಗೆ ಪಾಠ:
"ನದಿ ಅಂದರೆ ಸಣ್ಣದು, ಟೀಸ್ ಅಂದರೆ ದೊಡ್ಡದು.
ಬೀದಿ ಸಣ್ಣದು; ಹೆಸರಿನ ಬಾಲ ಹಿಡಿದು ಬಂತೋ, ದೊಡ್ಡದು.
ಶುಕ್ರವಾರ ದೊಡ್ಡದು, ವಸಂತ ಸಣ್ಣದು.
ಶುಕ್ರವಾರ ಸಂಬಳ ಬರುತ್ತದೆ,
ವಸಂತದಲ್ಲಿ ಏನು ಬರುತ್ತದೆ, ನೆಗಡಿ.
'ನನ್ನ ಅಮ್ಮ' ಎಂದೆಯೋ, ಅಮ್ಮ ಸಣ್ಣಕ್ಷರ.
ಆ 'ನನ್ನ'ವನ್ನು ತೆಗೆದು ಬರೀ 'ಅಮ್ಮ' ಅನ್ನು,
ಎದ್ದು ನಿಲ್ಲುತ್ತಾಳೆ."
"ಮತ್ತೆ 'ನಾನು'?"
"ಅದೊಂದು ಯಾವಾಗಲೂ ದೊಡ್ಡದು,
ವಾಕ್ಯದ ನಡುವೆ ಬಿದ್ದಿದ್ದರೂ. 'ನೀನು' ಮಾತ್ರ ಸಣ್ಣದು."
ನಗಬೇಕೋ ಬೇಡವೋ ತಿಳಿಯದೆ
ಲಯನೆಲ್ ಮೂಗಿಗೆ ಮಸಿ ಬಳಿದುಕೊಂಡ.

ನವೆಂಬರಿನ ಬುಧವಾರ, ಐದಕ್ಕೆ ಐದು ನಿಮಿಷ.
ಬಾಗಿಲ ಗಂಟೆ. ಹಿಲ್ಡಾ ಥರ್ಕೆಲ್,
ತಲೆಗೆ ಬಿಗಿದ ವಸ್ತ್ರ, ಕೈಗೆ ತೊಳೆದರೂ ಹೋಗದ ಮೀನಿನ ವಾಸನೆ.
ಚೀಟಿಯಲ್ಲಿ ಪೆನ್ಸಿಲಿನ ಮೂರು ಸಾಲು:
ಜೋಸೆಫ್ ಥರ್ಕೆಲ್. ಐವತ್ತೊಂದು. ಸಮುದ್ರ ಒಯ್ದಿತು.
ಸಮುದ್ರದ ಮೊದಲಕ್ಷರ ದೊಡ್ಡದು,
ಕಾಗದ ಹರಿಯುವಷ್ಟು ಒತ್ತಿ ಬರೆದ ಎಸ್.

ಆಂಬ್ರೋಸ್ ಕನ್ನಡಕ ಹಣೆಗೇರಿಸಿದ.
"ಉತ್ತರ ಸಮುದ್ರ ಅನ್ನಿ, ದೊಡ್ಡದು ಹಾಕುತ್ತೇನೆ.
ಬರೀ ಸಮುದ್ರ ಅಂದರೆ ಎಲ್ಲ ಊರಿನದೂ ಆಯಿತಲ್ಲ."
"ಒಂದು ಪದ ಹೆಚ್ಚಾದರೆ ಎಷ್ಟು?"
"ಎರಡು ಪೆನ್ಸ್."
"ಅಕ್ಷರ ದೊಡ್ಡದಾದರೆ?"
"ಅದಕ್ಕೆ ದುಡ್ಡಿಲ್ಲ."
"ಹಾಗಾದರೆ ಹಾಕಿ.
ಇಪ್ಪತ್ತಾರು ವರ್ಷ ನಮ್ಮನೆಯಲ್ಲಿ ಅದರದೇ ಮಾತು.
ಉಣ್ಣಲು ಕೂತರೆ ಅದು ಹೇಗಿದೆ ಅಂತ,
ಮಲಗಿದರೆ ಅದು ಏನನ್ನುತ್ತಿದೆ ಅಂತ.
ಸವತಿಗೆ ಹೆಸರಿಲ್ಲ ಅನ್ನುತ್ತೀರಾ?"

ಇಲ್ಲಿ, ಇದನ್ನು ಬರೆಯುವ ನನಗೊಂದು ತೊಡಕು.
ನನ್ನ ಲಿಪಿಗೆ ಮೇಲಿನ ಪೆಟ್ಟಿಗೆಯೇ ಇಲ್ಲ.
ಕಡಲಿಗೂ ಕಸಬರಿಕೆಗೂ ಒಂದೇ ತಲೆಕಟ್ಟು,
ದೊರೆಗೂ ದನಕ್ಕೂ ಅದೇ.
ಭಾರ ಹೆಚ್ಚಾದರೆ ನಮ್ಮಕ್ಷರ ಎದ್ದು ನಿಲ್ಲುವುದಿಲ್ಲ,
ಇನ್ನೊಂದರ ಕಾಲಡಿ ಒತ್ತಾಗಿ ಕೂರುತ್ತದೆ.
ಮೇಷ್ಟರು ಕಲಿಸಿದ್ದರು: ಇದು ರೂಢನಾಮ, ಇದು ಅಂಕಿತನಾಮ.
ರೂಢಿ ಎಲ್ಲಿ ಮುಗಿದು ಅಂಕಿತ ಎಲ್ಲಿ ಬೀಳುತ್ತದೆಂಬುದು
ಪರೀಕ್ಷೆಗೆ ಬಂದಿರಲಿಲ್ಲ.
ಹಾಗಾಗಿ ಹಿಲ್ಡಾ ಬರೆದದ್ದನ್ನು ತೋರಿಸಲಾರೆ.
ಹೇಳಬಲ್ಲೆ ಅಷ್ಟೆ: ದೊಡ್ಡದಿತ್ತು.

ಆಂಬ್ರೋಸ್ ಮತ್ತೆ ಮಾತಾಡಲಿಲ್ಲ.
ತೋಳು ಚಾಚಿದ. ಕೀಲು ಲಟಕ್ಕೆಂದಿತು.

ಕರಡು ತಿದ್ದುವ ಮಿಸ್ ಗಾಂಟ್ ರಾತ್ರಿಯೇ
ಅದರ ನೆತ್ತಿಯ ಮೇಲೆ ಕೆಂಪು ಗೀಟು ಹಾಕಿ ಕಳಿಸಿದಳು.
ಅಂಚಿನಲ್ಲಿ ಆಂಬ್ರೋಸ್ ಬರೆದ: ಇರಲಿ.
ಮೂವತ್ತು ವರ್ಷದಲ್ಲಿ ಅವಳ ಗೀಟಿಗೆ
ಅವನು ಎದುರಾಡಿದ್ದು ಅದೊಂದೇ ಸಲ.
ಅವಳು ಎರಡು ಸಲ ಓದಿ, ಕೆಂಪು ಪೆನ್ನಿನ ಮುಚ್ಚಳ ಹಾಕಿದಳು.

ಶನಿವಾರ ಲಯನೆಲ್ ಅಚ್ಚು ಬಿಚ್ಚಿ,
ಸೀಮೆಎಣ್ಣೆಯಲ್ಲಿ ಅಕ್ಷರಗಳನ್ನು ತಿಕ್ಕಿ
ಅವುಗಳ ಗೂಡಿಗೆ ಅವನ್ನು ಹಾಕುತ್ತ ಬಂದ.
ಆ ಎಸ್ ಬೆರಳಿನಲ್ಲಿ ತುಸು ಹೊತ್ತು ನಿಂತಿತು.
ಪಾದದ ತುದಿಯ ಮೇಲೆ ನಿಂತು, ತೋಳು ಚಾಚಿ,
ಮೇಲಿನ ಪೆಟ್ಟಿಗೆಗೆ ಬಿಟ್ಟ. ಉಳಿದವರ ನಡುವೆ
ಅದು ಯಾವುದೆಂದು ಮತ್ತೆ ಹುಡುಕಲಾಗುತ್ತಿರಲಿಲ್ಲ.

ಮಂಗಳವಾರ ಒಂದು ಸೋಪಿನ ಜಾಹೀರಾತಿಗೆ
ಎಸ್ ಬೇಕಾಯಿತು.